ಫಾರ್ಮುಲಾ: ಎಲ್ಲಿ ಬಿಗಿ, ಎಲ್ಲಿ ಸಡಿಲ

(ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ದಾಟಿಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಾಯಿದೋಣಿಗಳ ರೇಸಿನಲ್ಲಿ '12 ಮೀಟರ್' ಅಂತ ಒಂದು ವರ್ಗ ಇದೆ. ಆ ವರ್ಗದ ದೋಣಿಯನ್ನು ಟೇಪು ಹಿಡಿದು ಅಳೆದರೆ ಉದ್ದ ಸುಮಾರು 20 ಮೀಟರ್ ಬರುತ್ತದೆ. ದೋಣಿಯ ಯಾವ ಭಾಗವೂ 12 ಮೀಟರ್ ಇರಬೇಕೆಂದಿಲ್ಲ. ಹಾಗಾದರೆ ಈ 12 ಎಲ್ಲಿಂದ ಬಂತು? ಒಂದು ಲೆಕ್ಕದಿಂದ. ನಿಯಮದ ಪ್ರಕಾರ ಅಳೆದ ಉದ್ದ ತಗೊಳ್ಳಿ. ದೋಣಿಯ ಹೊಟ್ಟೆಯ ಎರಡು ಬಗೆಯ ಸುತ್ತಳತೆಗಳ ನಡುವಿನ ವ್ಯತ್ಯಾಸವನ್ನು ಎರಡರಿಂದ ಗುಣಿಸಿ ಅದಕ್ಕೆ ಕೂಡಿಸಿ. ಹಾಯಿಯ ವಿಸ್ತೀರ್ಣದ ವರ್ಗಮೂಲ ಕೂಡಿಸಿ. ನೀರಿನಿಂದ ಮೇಲಿರುವ ಅಂಚಿನ ಎತ್ತರ ಕಳೆಯಿರಿ. ಬಂದದ್ದನ್ನು 2.37ರಿಂದ ಭಾಗಿಸಿ. ಉತ್ತರ 12 ಮೀಟರ್ ದಾಟಬಾರದು. ಅಷ್ಟೇ ನಿಯಮ.

ಈ ನಿಯಮ ಎಂಥ ದೋಣಿ ಕಟ್ಟಿ ಅಂತ ಹೇಳುವುದೇ ಇಲ್ಲ. ಉದ್ದ ಜಾಸ್ತಿ ಬೇಕಾ? ಹಾಯಿ ಕಡಿಮೆ ಮಾಡಿ. ದೊಡ್ಡ ಹಾಯಿ ಬೇಕಾ? ಉದ್ದ ಬಿಟ್ಟುಕೊಡಿ. ಒಟ್ಟು ಮೊತ್ತ ಬಿಗಿ, ಒಳಗಿನ ಹೊಂದಾಣಿಕೆ ಸಡಿಲ. ಅಮೆರಿಕಾಸ್ ಕಪ್ ಎಂಬ ಪಂದ್ಯವನ್ನು 1958ರಿಂದ 1987ರವರೆಗೆ ಈ ದೋಣಿಗಳಲ್ಲೇ ಆಡಿದರು. ಆ ಕಪ್ 1851ರಿಂದ ಅಮೆರಿಕದವರ ಕೈಯಲ್ಲೇ ಇತ್ತು. 132 ವರ್ಷ! 1983ರಲ್ಲಿ 'ಆಸ್ಟ್ರೇಲಿಯಾ 2' ಅದನ್ನು ಕಿತ್ತುಕೊಂಡಿತು. ದೋಣಿಯ ತಳದಲ್ಲಿ, ನೀರೊಳಗೆ ಇಳಿಬಿದ್ದಿರುವ ಭಾರದ ಹಲಗೆಯನ್ನು ಕೀಲ್ ಅನ್ನುತ್ತಾರೆ. ಬೆನ್ ಲೆಕ್ಸೆನ್ ಎಂಬ ವಿನ್ಯಾಸಕಾರ ಅದಕ್ಕೆ ಎರಡು ಕಡೆ ರೆಕ್ಕೆ ಹಚ್ಚಿದ್ದ. ದಡದಲ್ಲಿದ್ದಾಗ ಯಾರೂ ನೋಡದ ಹಾಗೆ ಸುತ್ತ ಪರದೆ ಕಟ್ಟಿಡುತ್ತಿದ್ದರು. ಎದುರಾಳಿಗಳು ತಕರಾರು ಎತ್ತಿದರು, ಆದರೆ ಅದು ನಡೆಯಲಿಲ್ಲ. ದೋಣಿ ಲೆಕ್ಕದೊಳಗೇ ಇತ್ತು.

ಕಾರ್ ರೇಸಿನ 'ಫಾರ್ಮುಲಾ ಒನ್' ಅನ್ನುವ ಹೆಸರಿಗೂ ಇದೇ ಅರ್ಥ. ಎಷ್ಟೋ ಜನ ಅದನ್ನು ಯಾವುದೋ ಇಂಧನದ ಹೆಸರು ಅಂದುಕೊಂಡಿರುತ್ತಾರೆ. ಅಲ್ಲಿ ಫಾರ್ಮುಲಾ ಅಂದರೆ ಕಾರು ಹೇಗಿರಬೇಕು ಎಂಬ ನಿಯಮಗಳ ಕಟ್ಟು. 1906ರ ಮೊದಲ ಗ್ರ್ಯಾನ್ ಪ್ರೀಯಲ್ಲಿ ಕಾರಿನ ತೂಕ 1,000 ಕಿಲೋ ದಾಟಬಾರದು ಎಂಬ ನಿಯಮ ಇತ್ತು. ತೂಕ ಹಿಡಿದಿಟ್ಟರೆ ವೇಗವೂ ಹಿಡಿತಕ್ಕೆ ಬರುತ್ತೆ ಅಂತ ಲೆಕ್ಕ. ತಯಾರಕರು ಏನು ಮಾಡಿದರು? ಚೌಕಟ್ಟನ್ನು ಹಗುರ ಮಾಡಿ, ಉಳಿಸಿದ ತೂಕಕ್ಕೆಲ್ಲ ದೈತ್ಯ ಎಂಜಿನ್ ತುಂಬಿದರು. 1961ರ ಹೊತ್ತಿಗೆ ನಿಯಮ ತಿರುವುಮುರುವಾಗಿತ್ತು. ಕಾರು 450 ಕಿಲೋಗಿಂತ ಕಡಿಮೆ ಇರಬಾರದು ಅಂತಾಯಿತು. ತೂಕ ಇಳಿಸುವ ಹುಚ್ಚಿನಲ್ಲಿ ಚಾಲಕನ ಜೀವಕ್ಕೇ ಸಂಚಕಾರ ಬರಬಾರದಲ್ಲ.

1978ರ ಸ್ವೀಡನ್ ರೇಸಿನಲ್ಲಿ ನಡೆದದ್ದು ಇನ್ನೂ ಚೆನ್ನಾಗಿದೆ. ಬ್ರಾಭಮ್ ತಂಡ ಕಾರಿನ ಹಿಂದೆ ಒಂದು ದೊಡ್ಡ ಫ್ಯಾನ್ ಕೂರಿಸಿತು. ಅದು ಕಾರಿನಡಿಯ ಗಾಳಿಯನ್ನು ಹೀರಿ ಹೊರಹಾಕುತ್ತಿತ್ತು. ಕಾರು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಗಾಳಿಯ ಒತ್ತಡವನ್ನು ಬಳಸಿಕೊಳ್ಳುವ ಚಲಿಸುವ ಭಾಗಗಳಿಗೆ ಅವಕಾಶವಿಲ್ಲ ಅಂತ ನಿಯಮ ಇತ್ತು. "ಇದು ಮುಖ್ಯವಾಗಿ ಎಂಜಿನ್ ತಂಪು ಮಾಡಲಿಕ್ಕೆ, ಉಳಿದದ್ದೆಲ್ಲ ಆಮೇಲಿನ ಮಾತು" ಅನ್ನುವುದು ತಂಡದ ವಾದ. ನಿಕಿ ಲೌಡಾ ಆ ಕಾರಿನಲ್ಲಿ ರೇಸ್ ಗೆದ್ದ. ಗದ್ದಲ ಎದ್ದಿತು. ಒಂದೇ ರೇಸಿಗೆ ಆ ಕಾರು ಮೂಲೆ ಸೇರಿತು, ಗೆಲುವು ಮಾತ್ರ ದಾಖಲೆಯಲ್ಲಿ ಉಳಿಯಿತು.

ರೇಸಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಫಾರ್ಮುಲಾ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು. ಅಲ್ಲಿ ಅದು ಉತ್ತರ ಕೊಡುವ ಯಂತ್ರದ ಹಾಗೆ ಕಾಣುತ್ತದೆ. ಉಳಿದ ಕಡೆ ಇದೇ ಪದ ಬೇರೆ ಬೇರೆ ಕೆಲಸ ಮಾಡುತ್ತದೆ. ಲ್ಯಾಟಿನ್‌ನಲ್ಲಿ 'ಫಾರ್ಮಾ' ಅಂದರೆ ಆಕಾರ, ಅಚ್ಚು; ಫಾರ್ಮುಲಾ ಅಂದರೆ ಪುಟ್ಟ ಅಚ್ಚು. ಪದದ ಚರಿತ್ರೆ ಇಷ್ಟು ಸಾಕು. ಎಲ್ಲ ಕ್ಷೇತ್ರದಲ್ಲೂ ನಾನು ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ: ಈ ಫಾರ್ಮುಲಾ ಯಾವುದನ್ನು ಬಿಗಿ ಮಾಡಿದೆ, ಯಾವುದನ್ನು ಸಡಿಲ ಬಿಟ್ಟಿದೆ? ಜಾಣತನವೂ ಮೋಸವೂ ಹೆಚ್ಚಾಗಿ ನುಸುಳುವುದು ಸಡಿಲ ಬಿಟ್ಟ ಕಡೆಯಿಂದ.

ಈಗ ಹಳೇ ರೋಮಿನ ನ್ಯಾಯಾಲಯಕ್ಕೆ ಹೋಗೋಣ.

ಅಲ್ಲಿ ಮೊದಲಿಗೆ ದಾವೆ ಹೂಡಬೇಕಾದರೆ ಗೊತ್ತಾದ ಮಾತುಗಳನ್ನೇ, ಅಕ್ಷರ ತಪ್ಪದೆ ಹೇಳಬೇಕಿತ್ತು. ಎರಡನೇ ಶತಮಾನದ ಕಾನೂನು ಪಂಡಿತ ಗೇಯಸ್ ಒಂದು ಪ್ರಸಂಗ ಹೇಳುತ್ತಾನೆ. ಯಾರೋ ಒಬ್ಬನ ದ್ರಾಕ್ಷಿ ಬಳ್ಳಿಗಳನ್ನು ಇನ್ನೊಬ್ಬ ಕಡಿದುಹಾಕಿದ. ಕಳಕೊಂಡವನು ದಾವೆ ಹೂಡಿ "ನನ್ನ ಬಳ್ಳಿಗಳನ್ನು ಕಡಿದ" ಅಂದ. ಕೇಸು ಬಿದ್ದುಹೋಯಿತು. ಯಾಕೆಂದರೆ ಕಾನೂನಿನಲ್ಲಿ ಇದ್ದದ್ದು 'ಮರ' ಅನ್ನುವ ಮಾತು. ಬಳ್ಳಿ ಕಡಿದದ್ದಕ್ಕೂ ಅದೇ ಕಾನೂನು ಅನ್ವಯವಾಗುತ್ತಿತ್ತು, ಆದರೆ ಅವನು ಮರ ಅಂತಲೇ ಹೇಳಬೇಕಿತ್ತು!

ಈ ಕಾಟ ತಡೆಯಲಾರದೆ ಆಮೇಲೆ ಬಂದದ್ದೇ ಫಾರ್ಮುಲಾ ಪದ್ಧತಿ. ಪ್ರೇಟರ್ ಎಂಬ ಅಧಿಕಾರಿಯ ಮುಂದೆ ಇಬ್ಬರೂ ಹೋಗುತ್ತಿದ್ದರು. ಜಗಳ ಏನು ಅಂತ ಕೇಳಿ, ಒಂದು ಚಿಕ್ಕ ಬರಹ ಸಿದ್ಧವಾಗುತ್ತಿತ್ತು. ಅದರ ಮಾದರಿ ಸುಮಾರಾಗಿ ಹೀಗಿರುತ್ತಿತ್ತು: "ಇಂಥವರು ನ್ಯಾಯಾಧೀಶರಾಗಲಿ. ನ್ಯೂಮೆರಿಯಸ್ ನೆಗಿಡಿಯಸ್ ಎಂಬವನು ಔಲಸ್ ಅಗೇರಿಯಸ್‌ಗೆ 10,000 ಸೆಸ್ಟರ್ಸ್ (ರೋಮಿನ ನಾಣ್ಯ) ಕೊಡಬೇಕಾಗಿದೆ ಎಂದು ಕಂಡುಬಂದರೆ ಕೊಡಿಸಿ, ಕಂಡುಬರದಿದ್ದರೆ ಬಿಟ್ಟುಬಿಡಿ." ಹೆಸರುಗಳಲ್ಲಿ ಒಂದು ತಮಾಷೆ ಇದೆ. ಅಗೇರಿಯಸ್ ಅಂದರೆ ದಾವೆ ಹೂಡುವವ, ನೆಗಿಡಿಯಸ್ ಅಂದರೆ ಇಲ್ಲ ಅನ್ನುವವ. ಬೀಜಗಣಿತದ ಎಕ್ಸ್ ಮತ್ತು ವೈ ಇದ್ದ ಹಾಗೆ ಇವು ಖಾಲಿ ಜಾಗ ತುಂಬುವ ಹೆಸರುಗಳು. ನಿಜವಾದ ಕೇಸಿನಲ್ಲಿ ನಿಜವಾದ ಹೆಸರು ಹಾಕುತ್ತಿದ್ದರು.

ಆದರೂ ಬಿಗಿ ಪೂರ್ತಿ ಹೋಗಲಿಲ್ಲ. ಮೊತ್ತ ನಿಗದಿಯಾಗಿರುವ ದಾವೆಯಲ್ಲಿ 10,000 ಅಂತ ಬರೆಸಿ, ಬರಬೇಕಾದದ್ದು 9,000 ಅಂತ ರುಜುವಾತಾದರೆ ಏನಾಗುತ್ತಿತ್ತು ಗೊತ್ತಾ? 9,000ವೂ ಸಿಗುತ್ತಿರಲಿಲ್ಲ. '10,000 ಕೊಡಬೇಕಾಗಿದೆಯೇ?' ಅನ್ನುವ ಪ್ರಶ್ನೆಗೆ ಉತ್ತರ 'ಇಲ್ಲ' ಅಂತಾಯಿತಲ್ಲ, ಅಲ್ಲಿಗೆ ಮುಗಿಯಿತು. ಅಂದಾಜಿನ ಮೇಲೆ ಒಂದಿಷ್ಟು ಏರಿಸಿ ಬರೆಸುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ. ಕ್ರಿ.ಶ. 342ರಲ್ಲಿ ಚಕ್ರವರ್ತಿಗಳ ಆಜ್ಞೆಯಿಂದ ಈ ಪದ್ಧತಿಯ ಕೊನೆಯ ಉಳಿಕೆಗಳೂ ಹೋದವು.

ಮಾತಿನ ಫಾರ್ಮುಲಾದ ಇನ್ನೊಂದು ಮುಖ ಹಾಡುಗಾರರದ್ದು. ಹಳೇ ಗ್ರೀಕ್ ಕವಿ ಹೋಮರನ ಕಾವ್ಯ ಓದಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಕಿಲೀಸ್ ಎಂಬ ವೀರ ಸುಮ್ನೆ ಕುಳಿತಿದ್ದರೂ ಅವನು 'ವೇಗದ ಕಾಲಿನ ಅಕಿಲೀಸ್'. ದಡಕ್ಕೆ ಎಳೆದು ನಿಲ್ಲಿಸಿದ್ದರೂ ಹಡಗು 'ವೇಗದ ಹಡಗು'. ಕವಿಗೆ ಮರೆವು ಬಂದಿತ್ತೇ? ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ 1928ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಿಸಿದ ಪ್ರಬಂಧದಲ್ಲಿ ಇದನ್ನು ಬಿಡಿಸಿಟ್ಟ. ಅಂಥ ವಿಶೇಷಣವನ್ನು ಆರಿಸುವುದು ಕಥೆಯ ಸಂದರ್ಭ ನೋಡಿ ಅಲ್ಲ, ಸಾಲಿನಲ್ಲಿ ಇನ್ನೆಷ್ಟು ಮಾತ್ರೆ ಉಳಿದಿದೆ ಎಂಬುದನ್ನು ನೋಡಿ. ಜಾಗ ಜಾಸ್ತಿ ಇದ್ದರೆ 'ವೇಗದ ಕಾಲಿನ ಅಕಿಲೀಸ್', ಕಡಿಮೆ ಇದ್ದರೆ 'ದಿವ್ಯ ಅಕಿಲೀಸ್'. ಒಂದೇ ಛಂದಸ್ಸಿನ ಕಟ್ಟಿನಲ್ಲಿ ಒಂದೇ ವಿಷಯ ಹೇಳಲು ಮತ್ತೆ ಮತ್ತೆ ಬಳಸುವ ಪದಗುಚ್ಛಕ್ಕೆ ಅವನು ಇಟ್ಟ ಹೆಸರು ಫಾರ್ಮುಲಾ.

ಇದನ್ನು ಪುಸ್ತಕದಲ್ಲಿ ಹೇಳಿ ಸುಮ್ಮನಾಗಲಿಲ್ಲ. 1933ರಿಂದ 1935ರ ನಡುವೆ ಪ್ಯಾರಿ ಯುಗೊಸ್ಲಾವಿಯಾಕ್ಕೆ ಹೋಗಿ, ಅಲ್ಲಿ ಒಂದು ತಂತಿಯ ವಾದ್ಯ ನುಡಿಸುತ್ತಾ ವೀರಗಾಥೆ ಹಾಡುವವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಆಲ್ಬರ್ಟ್ ಲಾರ್ಡ್ ಸಹಾಯಕನಾಗಿ ಜೊತೆಗಿದ್ದ. ಓದುಬರಹ ಬಾರದ ಅವ್ದೊ ಮೆಜೆದೊವಿಚ್ 12,000ಕ್ಕೂ ಹೆಚ್ಚು ಸಾಲುಗಳ ಒಂದು ಹಾಡನ್ನು ಹೇಳಿ ಬರೆಸಿದ. "ಮೊದಲು ಹಾಡಿದ್ದನ್ನೇ ಒಂದಕ್ಷರ ಬದಲಿಸದೆ ಹಾಡುತ್ತೇನೆ" ಅಂತ ಹಾಡುಗಾರರು ಆಣೆ ಮಾಡಿ ಹೇಳುತ್ತಿದ್ದರು. ಧ್ವನಿಮುದ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಬೇರೆ ಬೇರೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಥೆ ಅದೇ, ಘಟನೆಗಳ ಸಾಲು ಅದೇ, ಮಾತುಗಳನ್ನು ಆ ಹೊತ್ತಿಗೆ ಗುಚ್ಛಗಳಿಂದ ಜೋಡಿಸಿಕೊಳ್ಳುತ್ತಿದ್ದರು. ಅವರ ಪಾಲಿಗೆ ಅದೇ 'ಒಂದಕ್ಷರ ಬದಲಿಸದೆ'. ನನ್ನ ಕೇಳಿದರೆ, ಫಾರ್ಮುಲಾ ಬಳಸಿದರೆ ಸ್ವಂತಿಕೆ ಸಾಯುತ್ತೆ ಅನ್ನುವವರಿಗೆ ಈ ಹಾಡುಗಾರರನ್ನು ತೋರಿಸಬೇಕು. ಗುಚ್ಛಗಳು ಕೈಯಲ್ಲಿ ಇದ್ದದ್ದಕ್ಕೇ ಅವರಿಗೆ ಗಂಟೆಗಟ್ಟಲೆ ಹಾಡಲು ಆಗುತ್ತಿತ್ತು.

ಗಣಿತಕ್ಕೂ ಪದ್ಯಕ್ಕೂ ಒಂದು ಕೊಂಡಿ ಇದೆ. 16ನೇ ಶತಮಾನದ ಇಟಲಿಯಲ್ಲಿ ಘನ ಸಮೀಕರಣ, ಅಂದರೆ ಮೂರನೇ ಘಾತದ ಸಮೀಕರಣ ಬಿಡಿಸುವ ಸೂತ್ರ ಅಂದರೆ ದೊಡ್ಡ ಆಸ್ತಿ. ಆಗ ಗಣಿತಜ್ಞರು ಬಹಿರಂಗ ಪಂದ್ಯ ಆಡುತ್ತಿದ್ದರು, ಸೂತ್ರ ಗೊತ್ತಿದ್ದವನು ಗೆಲ್ಲುತ್ತಿದ್ದ. ಟಾರ್ಟಾಲ್ಯ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದ. ಕಾರ್ಡಾನೊ ದುಂಬಾಲು ಬಿದ್ದು, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದ ಮೇಲೆ 1539ರಲ್ಲಿ ಹೇಳಿಕೊಟ್ಟ. ಹೇಗೆ? ಪದ್ಯದಲ್ಲಿ. ಇವತ್ತು ಒಂದು ಸಾಲಿನಲ್ಲಿ ಬರೆಯುವ ಚಿಹ್ನೆಗಳು ಆಗ ಇರಲಿಲ್ಲ. ಆಮೇಲೆ ಇದೇ ಸೂತ್ರವನ್ನು ಡೆಲ್ ಫೆರೊ ಎಂಬವರು ಮೊದಲೇ ಕಂಡುಹಿಡಿದಿದ್ದರು ಅಂತ ಕಾರ್ಡಾನೊಗೆ ತಿಳಿಯಿತು. ಹಾಗಾದರೆ ಆಣೆ ಯಾವ ಲೆಕ್ಕ ಅಂದುಕೊಂಡು 1545ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿಯೇಬಿಟ್ಟ. ಟಾರ್ಟಾಲ್ಯನ ಹೆಸರನ್ನೂ ಹಾಕಿದ್ದ ಅನ್ನಿ, ಆದರೂ ಅವನ ಸಿಟ್ಟು ಇಳಿಯಲಿಲ್ಲ.

ನಾಲ್ಕನೇ ಘಾತದ ಸಮೀಕರಣಕ್ಕೂ ಸೂತ್ರ ಸಿಕ್ಕಿತು. ಐದಕ್ಕೆ ಮಾತ್ರ ಸಿಗಲಿಲ್ಲ. ಸುಮಾರು 280 ವರ್ಷ ಹುಡುಕಿದರು. 1824ರಲ್ಲಿ ಆಬೆಲ್ ಎಂಬ ನಾರ್ವೆಯ ಹುಡುಗ, ಆಗ ಅವನಿಗೆ 22ರ ಆಸುಪಾಸಿನ ವಯಸ್ಸು ಅಷ್ಟೇ, ಹುಡುಕುವುದನ್ನು ನಿಲ್ಲಿಸಿ ಅಂತ ಸಾಧಿಸಿ ತೋರಿಸಿದ. ಕೂಡು, ಕಳೆ, ಗುಣಿಸು, ಭಾಗಿಸು, ಮೂಲ ತೆಗೆ: ಈ ಐದೇ ಕ್ರಿಯೆಗಳಿಂದ ಎಲ್ಲ ಐದನೇ ಘಾತದ ಸಮೀಕರಣಗಳನ್ನೂ ಬಿಡಿಸುವ ಒಂದು ಸೂತ್ರ ಇರಲು ಸಾಧ್ಯವೇ ಇಲ್ಲ. ಗಮನಿಸಿ, ಉತ್ತರ ಇಲ್ಲ ಅಂತ ಅವನು ಹೇಳಲಿಲ್ಲ. ಉತ್ತರ ಇದೆ, ಬೇಕಾದಷ್ಟು ದಶಮಾಂಶದವರೆಗೆ ಲೆಕ್ಕ ಹಾಕಬಹುದು. ಸೂತ್ರ ಇಲ್ಲ, ಅಷ್ಟೇ. ಉತ್ತರವೂ ಸೂತ್ರವೂ ಒಂದೇ ಅಂದುಕೊಂಡಿದ್ದ ಜನಕ್ಕೆ ಇದು ಗಟ್ಟಿ ಪೆಟ್ಟು.

ತರ್ಕಶಾಸ್ತ್ರದವರ ಬಳಕೆ ಇನ್ನೂ ಬೇರೆ. ಅವರಿಗೆ '0 = 1' ಕೂಡ ಒಂದು ಒಳ್ಳೆಯ ಸೂತ್ರವೇ! ಸುಳ್ಳು ಹೌದು, ಆದರೆ ಚಿಹ್ನೆಗಳು ನಿಯಮದ ಪ್ರಕಾರ ಜೋಡಣೆಯಾಗಿವೆಯಲ್ಲ. '= 0 +' ಅಂತ ಬರೆದರೆ ಅದು ಸೂತ್ರವೇ ಅಲ್ಲ. ಅಲ್ಲಿ ಬಿಗಿ ಇರುವುದು ಬರೆಯುವ ರೀತಿಗೆ ಮಾತ್ರ. ನಿಜವೋ ಸುಳ್ಳೋ ಅನ್ನುವುದು ಆಮೇಲಿನ ವಿಚಾರಣೆ.

ರಸಾಯನಶಾಸ್ತ್ರಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಎಚ್2ಒ ಅನ್ನುವುದು ನೀರಿಗೆ ಅಂಟಿದ ಹೆಸರು ಅನ್ನುವಷ್ಟು ನಮಗೆ ರೂಢಿಯಾಗಿದೆ. ಆದರೆ ಪರಮಾಣು ವಾದ ಮುಂದಿಟ್ಟ ಡಾಲ್ಟನ್ ಪ್ರಕಾರ ನೀರಿನಲ್ಲಿ ಒಂದು ಹೈಡ್ರೋಜನ್‌ಗೆ ಒಂದೇ ಆಕ್ಸಿಜನ್. ಅವನು ಮೂಲವಸ್ತುಗಳಿಗೆ ದುಂಡು ದುಂಡು ಚಿತ್ರ ಬರೆಯುತ್ತಿದ್ದ. ಅದರ ಬದಲು ಅಕ್ಷರ ಬಳಸುವ ಪದ್ಧತಿ ತಂದವನು ಸ್ವೀಡನ್ನಿನ ಬರ್ಜೀಲಿಯಸ್, 1813ರ ಸುಮಾರಿಗೆ. ಅಕ್ಷರ ಬಂತು, ಆದರೆ ಯಾವುದು ಎಷ್ಟಿದೆ ಎಂಬ ಜಗಳ ಹರಿಯಲಿಲ್ಲ. ಒಬ್ಬೊಬ್ಬರು ಒಂದೊಂದು ಪರಮಾಣು ತೂಕ ಹಿಡಿದು ಒಂದೊಂದು ಸೂತ್ರ ಬರೆಯುತ್ತಿದ್ದರು. 1860ರಲ್ಲಿ ಇದನ್ನೇ ಚರ್ಚಿಸಲು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಮರುವರ್ಷ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲ ಒಂದಕ್ಕೇ ಚಾಲ್ತಿಯಲ್ಲಿದ್ದ ಸೂತ್ರಗಳ ಪಟ್ಟಿ ಕೊಟ್ಟ. 19 ಇದ್ದವು! ಒಂದೇ ವಸ್ತು, ಒಂದೇ ಸೀಸೆ, 19 ಸೂತ್ರ.

ಇನ್ನೊಂದು ತೊಂದರೆ ಇದಕ್ಕಿಂತ ಆಳದ್ದು. ಸೂತ್ರ ಸರಿಯಾಗಿಯೇ ಇರುತ್ತದೆ, ವಸ್ತು ಮಾತ್ರ ಬೇರೆ. ಸಿ2ಎಚ್6ಒ ಅಂತ ಬರೆದರೆ ಅದು ಎಥನಾಲ್ ಆಗಬಹುದು. 78 ಡಿಗ್ರಿಗೆ ಕುದಿಯುವ ದ್ರವ. ಅದೇ ಸೂತ್ರ ಡೈಮೀಥೈಲ್ ಈಥರ್ ಕೂಡ ಆಗಬಹುದು. ಅದು ಮೈನಸ್ 24 ಡಿಗ್ರಿಗೇ ಕುದಿಯುತ್ತದೆ, ಅಂದರೆ ಸಾಮಾನ್ಯ ಕೋಣೆಯಲ್ಲಿ ಅನಿಲ. ಎಷ್ಟು ಕಾರ್ಬನ್, ಎಷ್ಟು ಹೈಡ್ರೋಜನ್ ಎಂಬ ಎಣಿಕೆ ಬಿಗಿ. ಯಾರ ಪಕ್ಕ ಯಾರು ಎಂಬುದು ಸಡಿಲ. ಈ ಸತ್ಯ ಮೊದಲು ಎದುರಾದಾಗ ಯಾರೂ ನಂಬಲಿಲ್ಲ. ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಸಿಲ್ವರ್ ಫಲ್ಮಿನೇಟ್ ವಿಶ್ಲೇಷಿಸಿದ್ದ. ಮುಟ್ಟಿದರೆ ಸಿಡಿಯುವ ಪದಾರ್ಥ ಅದು. ವೋಲರ್ ಸಿಲ್ವರ್ ಸಯನೇಟ್ ವಿಶ್ಲೇಷಿಸಿದ್ದ. ಅದು ಹಾಗೆಲ್ಲ ಸಿಡಿಯುವುದಿಲ್ಲ. ಇಬ್ಬರ ಲೆಕ್ಕದಲ್ಲೂ ಒಂದೇ ಅಂಶಗಳು, ಒಂದೇ ಪ್ರಮಾಣ. ಯಾರದೋ ಪ್ರಯೋಗ ತಪ್ಪಿರಬೇಕು ಅಂತ ಮೊದಲು ವಾದ ನಡೆಯಿತು. ಇಬ್ಬರದೂ ಸರಿ ಇತ್ತು. ಇಂಥ ಜೋಡಿಗಳಿಗೆ 1830ರಲ್ಲಿ 'ಐಸೋಮರ್' ಅನ್ನುವ ಹೆಸರು ಕೊಟ್ಟವನೂ ಬರ್ಜೀಲಿಯಸ್ಸೇ. ಜಗಳ ಆಡಿದ ಲೀಬಿಗ್, ವೋಲರ್ ಜೀವನಪೂರ್ತಿ ಸ್ನೇಹಿತರಾದರು ಅನ್ನುವುದು ಬೇರೆ ಮಾತು.

ಈ ಲೀಬಿಗ್‌ನನ್ನು ಹಿಡಿದುಕೊಂಡೇ ಮುಂದಿನ ಅರ್ಥಕ್ಕೆ ದಾಟಬಹುದು: ಮಗುವಿಗೆ ಕುಡಿಸುವ ಫಾರ್ಮುಲಾ. 1860ರ ದಶಕದಲ್ಲಿ ತಾಯಿ ಹಾಲಿಗೆ ಬದಲಿಯಾಗಿ ಅವನು ಒಂದು ಗಂಜಿ ರೂಪಿಸಿದ. ಹಸುವಿನ ಹಾಲು, ಗೋಧಿ ಹಿಟ್ಟು, ಮೊಳಕೆ ಬರಿಸಿದ ಧಾನ್ಯದ ಹಿಟ್ಟು, ಸ್ವಲ್ಪ ಪೊಟ್ಯಾಸಿಯಂ ಬೈಕಾರ್ಬನೇಟ್. ಶತಮಾನದ ಕೊನೆಯಲ್ಲಿ ಬೋಸ್ಟನ್ನಿನ ವೈದ್ಯ ರಾಚ್ ಇನ್ನೂ ಮುಂದೆ ಹೋದ. ಪ್ರತಿ ಮಗುವಿಗೂ ಕೊಬ್ಬು ಇಷ್ಟು ಶೇಕಡ, ಸಕ್ಕರೆ ಇಷ್ಟು, ಪ್ರೋಟೀನ್ ಇಷ್ಟು ಅಂತ ವೈದ್ಯರು ಲೆಕ್ಕ ಹಾಕಿ ಬರೆದುಕೊಡಬೇಕು. ಮಗು ಬೆಳೆದ ಹಾಗೆ ಲೆಕ್ಕ ಬದಲಾಗಬೇಕು. ಎಷ್ಟು ಜಟಿಲವಾಯಿತು ಅಂದರೆ ವೈದ್ಯರಿಗೇ ಸಾಕಾಯಿತು. ಪದ್ಧತಿ ಹೋಯಿತು. ಆಗ ವೈದ್ಯರು ಬರೆದುಕೊಡುತ್ತಿದ್ದ 'ಫಾರ್ಮುಲಾ' ಎಂಬ ಹೆಸರು ಮಾತ್ರ ಡಬ್ಬದ ಪುಡಿಗೆ ಉಳಿದುಕೊಂಡಿತು.

2008ರಲ್ಲಿ ಚೀನಾದಲ್ಲಿ ನಡೆದ ಒಂದು ಅನಾಹುತದಲ್ಲಿ ಫಾರ್ಮುಲಾದ ಮೂರು ಅರ್ಥಗಳು ಒಂದೇ ಡಬ್ಬದಲ್ಲಿ ಸೇರಿದವು. ಅದನ್ನು ಬಿಡಿಸಿ ಹೇಳುತ್ತೇನೆ.

ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೇರವಾಗಿ ಅಳೆಯುವುದು ಕಷ್ಟ. ನೈಟ್ರೋಜನ್ ಅಳೆಯುವುದು ಸುಲಭ. ಪ್ರೋಟೀನ್‌ನಲ್ಲಿ ನೈಟ್ರೋಜನ್ ಇರುತ್ತದೆ, ಸಕ್ಕರೆಯಲ್ಲಿ ಇರುವುದಿಲ್ಲ, ಶುದ್ಧ ಕೊಬ್ಬಿನಲ್ಲೂ ಇರುವುದಿಲ್ಲ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಒಂದು ವಿಧಾನ ಕಂಡುಹಿಡಿದ. ಅವನಿಗೆ ಬೇಕಿದ್ದದ್ದು ಬಿಯರ್ ಮಾಡುವ ಧಾನ್ಯದ ಪ್ರೋಟೀನ್ ಲೆಕ್ಕ. ಮಾದರಿಯನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಬೇಕು. ನೈಟ್ರೋಜನ್ ಅಮೋನಿಯಂ ಲವಣವಾಗುತ್ತದೆ. ಕ್ಷಾರ ಹಾಕಿ ಅಮೋನಿಯಾವನ್ನು ಹೊರಬರಿಸಿ ಅಳೆಯಬೇಕು. ಪ್ರೋಟೀನ್‌ನಲ್ಲಿ ಸರಾಸರಿ ಶೇ. 16ರಷ್ಟು ನೈಟ್ರೋಜನ್ ಇರುವುದರಿಂದ 100ನ್ನು 16ರಿಂದ ಭಾಗಿಸಿದರೆ 6.25. ನೈಟ್ರೋಜನ್ ತೂಕವನ್ನು ಇದರಿಂದ ಗುಣಿಸಿದರೆ ಪ್ರೋಟೀನ್. ಹಾಲಿಗೆ 6.38 ಬಳಸುತ್ತಾರೆ. ಅಚ್ಚುಕಟ್ಟಾದ, ಅಗ್ಗದ ಲೆಕ್ಕ. 100 ವರ್ಷಕ್ಕೂ ಮೇಲೆ ಚೆನ್ನಾಗಿಯೇ ನಡೆದಿತ್ತು.

ಆದರೆ ಈ ಲೆಕ್ಕ ಒಂದನ್ನು ಸಡಿಲ ಬಿಟ್ಟಿದೆ. ನೈಟ್ರೋಜನ್ ಎಲ್ಲಿಂದ ಬಂತು ಅಂತ ಅದು ಕೇಳುವುದಿಲ್ಲ. ಮೆಲಮೈನ್ ಅಂತ ಒಂದು ಬಿಳಿ ಪುಡಿ ಇದೆ, ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಯಲ್ಲಿ ಬಳಸುವಂಥದ್ದು. ಅದರ ರಾಸಾಯನಿಕ ಸೂತ್ರ ಸಿ3ಎಚ್6ಎನ್6. ಮೂರು ಕಾರ್ಬನ್‌ಗೆ ಆರು ನೈಟ್ರೋಜನ್! ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೈಟ್ರೋಜನ್ನೇ. 6.38ರಿಂದ ಗುಣಿಸಿ ನೋಡಿ. ಒಂದು ಗ್ರಾಂ ಮೆಲಮೈನ್ ಹಾಕಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗಿಂತ ಹೆಚ್ಚು 'ಪ್ರೋಟೀನ್' ಕಾಣುತ್ತದೆ. ಹಾಲಿಗೆ ನೀರು ಬೆರೆಸಿದವರು ಕೊರತೆ ಮುಚ್ಚಲು ಇದನ್ನು ಹಾಕಿದರು. ಆ ಹಾಲು ಮಕ್ಕಳ ಫಾರ್ಮುಲಾ ಪುಡಿಯಾಯಿತು. ಪುಟ್ಟ ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಮಕ್ಕಳು ಸತ್ತರು. ಕಲಬೆರಕೆ ಮಾಡಿದವರು ಲೆಕ್ಕವನ್ನು ಮುರಿಯಲಿಲ್ಲ. ಲೆಕ್ಕ ಗೊತ್ತಿದ್ದದ್ದರಿಂದಲೇ, ಅದು ಎಲ್ಲಿ ಕುರುಡು ಅಂತಲೂ ಗೊತ್ತಿತ್ತು. ಆಮೇಲೆ ಹಾಲಿನಲ್ಲಿ ಮೆಲಮೈನನ್ನೇ ಹುಡುಕುವ ಬೇರೆ ಪರೀಕ್ಷೆಗಳು ಬಂದವು.

ವೈದ್ಯಕೀಯದ ಇನ್ನೊಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅಂದಾಜಿಸಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಕೊಟ್ಟ ಸೂತ್ರ ಇದೆ. 140ರಿಂದ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ, ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದ 72 ಪಟ್ಟಿನಿಂದ ಭಾಗಿಸಿ. ಔಷಧಿಯ ಪ್ರಮಾಣ ನಿರ್ಧರಿಸಲು ಇವತ್ತಿಗೂ ಬಳಸುತ್ತಾರೆ. ಇದರ ಪ್ರಕಾರ 140 ವರ್ಷದವರ ಮೂತ್ರಪಿಂಡ ಪೂರ್ತಿ ಸೊನ್ನೆ! ಸೂತ್ರ ಹುಟ್ಟಿದ್ದು 249 ರೋಗಿಗಳ ಮಾಹಿತಿಯಿಂದ, ಅವರಲ್ಲಿ ಬಹುತೇಕ ಎಲ್ಲರೂ ಗಂಡಸರು. ಹೆಂಗಸರಾದರೆ 0.85ರಿಂದ ಗುಣಿಸಿ ಅಂತ ಸೇರಿಸಿದರು. ಇಂಥ ಸೂತ್ರ ಉಪಯೋಗಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಬೋರ್ಡಿನ ಮೇಲೆ ಬರೆದಾಗ ಅದೂ ತ್ರಿಕೋನದ ವಿಸ್ತೀರ್ಣದ ಸೂತ್ರವೂ ಅಕ್ಕಪಕ್ಕ ಒಂದೇ ಥರ ಕಾಣುತ್ತವೆ. ಒಂದು ಎಂದೆಂದಿಗೂ ನಿಜ. ಇನ್ನೊಂದು 249 ಜನರ ಸರಾಸರಿ. ನನಗೆ ಭಯ ಆಗುವುದು ಅಲ್ಲಿ.

ಕಂಪ್ಯೂಟರಿನಲ್ಲಂತೂ ಫಾರ್ಮುಲಾ ಕಾಣುವುದೇ ಇಲ್ಲ. 1957ರ ಫೋರ್ಟ್ರಾನ್ ಭಾಷೆಯ ಹೆಸರಿನಲ್ಲೇ ಫಾರ್ಮುಲಾ ಅಡಗಿದೆ, ಗಣಿತದ ಸೂತ್ರವನ್ನು ಯಂತ್ರದ ಭಾಷೆಗೆ ಇಳಿಸುವುದೇ ಅದರ ಕೆಲಸ. ಜನಸಾಮಾನ್ಯರ ಕೈಗೆ ಫಾರ್ಮುಲಾ ಬಂದದ್ದು 1979ರಲ್ಲಿ, ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನ ಜೊತೆ. ಇವತ್ತಿನ ಎಕ್ಸೆಲ್ ಅದೇ ವಂಶದ್ದು. ಒಂದು ಚೌಕದಲ್ಲಿ ಸಮಚಿಹ್ನೆ ಹಾಕಿ ಲೆಕ್ಕ ಬರೆದು ಎಂಟರ್ ಒತ್ತಿದರೆ ಲೆಕ್ಕ ಮರೆಯಾಗುತ್ತದೆ, ಉತ್ತರ ಮಾತ್ರ ಕಾಣುತ್ತದೆ. ನೋಡುವವರಿಗೆ ಅದು ಲೆಕ್ಕ ಹಾಕಿ ಬಂದ ಅಂಕಿಯೋ ಯಾರೋ ಟೈಪ್ ಮಾಡಿದ ಅಂಕಿಯೋ ಗೊತ್ತಾಗಲ್ಲ.

2010ರಲ್ಲಿ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಶೇಕಡ ಮೈನಸ್ 0.1ಕ್ಕೆ ಇಳಿಯುತ್ತದೆ ಅಂತ ಅದರಲ್ಲಿತ್ತು. ಸರ್ಕಾರಿ ಖರ್ಚು ಕಡಿತ ಮಾಡಬೇಕು ಅನ್ನುವವರಿಗೆ ಅದು ಒಳ್ಳೆಯ ಆಧಾರವಾಯಿತು. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ಆ ಲೆಕ್ಕ ಮತ್ತೆ ಮಾಡಿದರೆ ಅದೇ ಉತ್ತರ ಬರಲಿಲ್ಲ. ಲೇಖಕರನ್ನೇ ಕೇಳಿದ, ಅವರು ಫೈಲ್ ಕಳಿಸಿದರು. ಸರಾಸರಿ ತೆಗೆಯುವ ಫಾರ್ಮುಲಾ 30ನೇ ಸಾಲಿನಿಂದ 49ರವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದಿಂದ ಹೊರಗೆ. ಬೇರೆ ಲೋಪಗಳೂ ಇದ್ದವು, ಕೆಲವು ಮಾಹಿತಿ ಬಿಟ್ಟದ್ದು, ಸರಾಸರಿ ತೂಗಿದ ರೀತಿ. ಅವು ಇನ್ನೂ ದೊಡ್ಡವು. ಎಲ್ಲ ಸರಿಪಡಿಸಿದಾಗ 2013ರಲ್ಲಿ ಬಂದ ಉತ್ತರ ಪ್ಲಸ್ 2.2. ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು, ಉಳಿದದ್ದರ ಬಗ್ಗೆ ವಾದ ಮುಂದುವರಿಸಿದರು.

ಇಲ್ಲಿಯವರೆಗೆ ನೋಡಿದ ಫಾರ್ಮುಲಾಗಳಲ್ಲಿ ಸಡಿಲ ಜಾಗ ಉಳಿದದ್ದು ಹೆಚ್ಚಾಗಿ ಅನಿವಾರ್ಯದಿಂದ, ಇಲ್ಲ ಅಜಾಗರೂಕತೆಯಿಂದ. ರಾಜತಾಂತ್ರಿಕರು ಮಾತ್ರ ಅದನ್ನು ಬೇಕೆಂದೇ ಬಿಡುತ್ತಾರೆ. ಪತ್ರಿಕೆಯಲ್ಲಿ 'ಶಾಂತಿ ಸೂತ್ರ', 'ಸಂಧಾನ ಸೂತ್ರ' ಅಂತೆಲ್ಲ ಓದುತ್ತೀರಲ್ಲ, ಅವು ಈ ಜಾತಿಗೆ ಸೇರಿದವು. 1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದಾಗ ತೈವಾನ್ ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತು. ಶಾಂಘೈ ಹೇಳಿಕೆಯಲ್ಲಿ ಅಮೆರಿಕ ಬರೆದದ್ದರ ಸಾರ ಇಷ್ಟು: ಜಲಸಂಧಿಯ ಎರಡೂ ದಡದ ಚೀನೀಯರು ಚೀನಾ ಒಂದೇ, ತೈವಾನ್ ಅದರ ಭಾಗ ಅನ್ನುತ್ತಾರೆ ಎಂಬುದು ನಮ್ಮ ಗಮನದಲ್ಲಿದೆ, ಆ ನಿಲುವನ್ನು ನಾವು ಪ್ರಶ್ನಿಸುವುದಿಲ್ಲ. ಒಪ್ಪುತ್ತೇವೆ ಅಂತಲೂ ಇಲ್ಲ, ಒಪ್ಪುವುದಿಲ್ಲ ಅಂತಲೂ ಇಲ್ಲ. ಬೀಜಿಂಗ್‌ನದೋ ತೈವಾನ್‌ನದೋ, ಯಾವ ಸರ್ಕಾರದ ಚೀನಾ ಅಂತಲೂ ಇಲ್ಲ. ರಸಾಯನಶಾಸ್ತ್ರದಲ್ಲಿ ಹೀಗೆ ಬರೆದರೆ ಪರೀಕ್ಷೆಯಲ್ಲಿ ಸೊನ್ನೆ. ಇಲ್ಲಿ ಎರಡು ದೇಶ ಅರ್ಧ ಶತಮಾನ ಅದರ ಮೇಲೆ ವ್ಯವಹಾರ ನಡೆಸಿವೆ.

ಉಪನ್ಯಾಸ ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ಸಿನಿಮಾ ಫಾರ್ಮುಲಾ ಬಗ್ಗೆ ಏನೂ ಹೇಳಲಿಲ್ಲವಲ್ಲ?" ಹೇಳಲು ಜಾಸ್ತಿ ಇಲ್ಲ. ಗೆದ್ದ ಚಿತ್ರಗಳನ್ನು ನೋಡಿ ಆಮೇಲೆ ಕಟ್ಟಿದ ಸೂತ್ರ ಅದು. ಅದೇ ಸೂತ್ರದ ಚಿತ್ರಗಳು ಸಾಲಾಗಿ ಸೋತಿರುತ್ತವೆ, ಅವನ್ನು ಯಾರೂ ಎಣಿಸುವುದಿಲ್ಲ.

ಇನ್ನೊಬ್ಬರ ಪ್ರಶ್ನೆ ಗುಟ್ಟಿನ ಫಾರ್ಮುಲಾದ ಬಗ್ಗೆ, ಕೋಕಾ-ಕೋಲಾದ್ದು. ಅದು ಒಳ್ಳೆಯ ಪ್ರಶ್ನೆ. 1886ರಲ್ಲಿ ಹುಟ್ಟಿದ ಪಾನೀಯ. ಪೇಟೆಂಟ್ ಬೇಕಾದರೆ ಫಾರ್ಮುಲಾವನ್ನು ಬಹಿರಂಗವಾಗಿ ಬರೆದುಕೊಡಬೇಕು, ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಈಗ ಹೆಚ್ಚಿನ ದೇಶಗಳಲ್ಲಿ ಆ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ವ್ಯಾಪಾರದ ಗುಟ್ಟಿಗೆ ಅವಧಿ ಇಲ್ಲ. ಆದರೆ ರಕ್ಷಣೆ ಅರ್ಧ ಮಾತ್ರ. ಕದ್ದರೆ ಅಪರಾಧ. ಅಂಗಡಿಯಿಂದ ಬಾಟಲಿ ತಂದು, ಪ್ರಯೋಗಾಲಯದಲ್ಲಿ ಬಿಡಿಸಿ, ಸ್ವಂತ ಬುದ್ಧಿಯಿಂದ ಅದೇ ರುಚಿ ಮಾಡಿದರೆ ಸಾಮಾನ್ಯವಾಗಿ ಅಪರಾಧ ಅಲ್ಲ. 2011ರಲ್ಲಿ ಕಂಪನಿ ಆ ಕಾಗದವನ್ನು ಬ್ಯಾಂಕಿನ ಲಾಕರಿನಿಂದ ತೆಗೆದು ಅಟ್ಲಾಂಟಾದ ತನ್ನ ಮ್ಯೂಸಿಯಂಗೆ ತಂದಿತು. ಈಗ ಜನ ಟಿಕೆಟ್ ತಗೊಂಡು ಹೋಗಿ, ಮುಚ್ಚಿದ ಬಾಗಿಲು ನೋಡಿ ಬರುತ್ತಾರೆ. "ಹಾಗಾದರೆ ಎದುರಾಳಿ ಕಂಪನಿಗೆ ಆ ಗುಟ್ಟು ಸಿಕ್ಕಿದರೆ?" ಅಂತ ಅವರೇ ಮತ್ತೆ ಕೇಳಿದರು. ಅಂಥ ಅವಕಾಶ ಹತ್ತಿರ ಬಂದಿತ್ತು. 2006ರಲ್ಲಿ ಕೋಕಾ-ಕೋಲಾದ ಒಬ್ಬ ಉದ್ಯೋಗಿ ಮತ್ತು ಜೊತೆಗಾರರು ಗುಟ್ಟಿನ ದಾಖಲೆಗಳನ್ನೂ ಒಂದು ಹೊಸ ಪಾನೀಯದ ಮಾದರಿಯನ್ನೂ ಪೆಪ್ಸಿಗೆ ಮಾರಲು ನೋಡಿದರು. ಪೆಪ್ಸಿ ಆ ಪತ್ರವನ್ನು ಕೋಕಾ-ಕೋಲಾಗೇ ಕಳಿಸಿತು. ಅವರು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಹೇಳಿದರು.